ಬುಸುಗುಡುವ ಹಕ್ಕಿಗೆ ತಲೆ ಕೆಟ್ಟಿಲ್ಲ

ಸಂಪಾದಕರಿಗೆ ನಮಸ್ಕಾರ.

ಆರು ತಿಂಗಳ ಹಿಂದೆ ಒಂದು ಸಂಜೆ ನಮ್ಮ ನಾದಿನಿ ಫೋನ್ ಮಾಡಿ, "ಅತ್ತಿಗೆ, ಈ ಹಕ್ಕಿಗೆ ತಲೆ ಕೆಟ್ಟಿದೆ, ನಮ್ಮ ಕೈಲಿ ಆಗಲ್ಲ, ನೀವೇ ಇಟ್ಕೊಂಡುಬಿಡಿ" ಅಂದಳು. ಹಕ್ಕಿ ಅಂದರೆ ಒಂದು ಕಾಕಟೀಲ್. ಮೈಯೆಲ್ಲ ಕೆನೆ ಹಳದಿ, ಕೆನ್ನೆ ಮೇಲೆ ಕಿತ್ತಳೆ ಬೊಟ್ಟು, ತಲೆ ಮೇಲೆ ಜುಟ್ಟು. ಹೆಸರು ಪುಟ್ಟಿ, ವಯಸ್ಸು ಮೂರು. ದೂರುಗಳು ಒಂದೆರಡಲ್ಲ. ಹತ್ತಿರ ಹೋದರೆ ಹಾವಿನ ಹಾಗೆ ಬುಸ್ ಅನ್ನುತ್ತದೆ. ನಡುರಾತ್ರಿ ಇದ್ದಕ್ಕಿದ್ದಂತೆ ಪಂಜರದೊಳಗೆ ಬಡಿದುಕೊಳ್ಳುತ್ತದೆ. ಮಲಗುವ ಹೊತ್ತಿಗೆ ಹಲ್ಲು ಕಡಿದ ಹಾಗೆ ಕರಕರ ಸದ್ದು ಮಾಡುತ್ತದೆ. ಮನೆ ತುಂಬ ಬಿಳಿ ಪುಡಿ. ಮನೆಯಲ್ಲಿ ಗಂಡು ಹಕ್ಕಿಯೇ ಇಲ್ಲ, ಆದರೂ ಮೊಟ್ಟೆ ಇಡುತ್ತದೆ. ಸಾಲದ್ದಕ್ಕೆ ಜುಟ್ಟಿನ ಹಿಂದೆ ಬೋಳು.

ನಾನು ಒಂಬತ್ತು ವರ್ಷದಿಂದ ಒಂದು ಗಂಡು ಕಾಕಟೀಲ್ ಸಾಕಿದ್ದೇನೆ. ಅವನ ಹೆಸರು ಮುತ್ತು. ನಾದಿನಿ ಹೇಳುತ್ತಾ ಹೋದ ಹಾಗೆಲ್ಲ ನನಗೆ ಅನ್ನಿಸಿದ್ದು ಒಂದೇ. ತಲೆ ಕೆಟ್ಟ ಲಕ್ಷಣ ಇದರಲ್ಲಿ ಒಂದೂ ಇಲ್ಲ, ಕಾಕಟೀಲ್ ಅಂದರೆ ಇರುವುದೇ ಹೀಗೆ. ಅವಳದ್ದೂ ತಪ್ಪಿಲ್ಲ. ಹಕ್ಕಿ ಕೊಟ್ಟವರು ಕಾಳು ಹಾಕಿ, ನೀರಿಡಿ ಅಂದರೇ ಹೊರತು ಮಿಕ್ಕಿದ್ದು ಯಾವುದನ್ನೂ ಹೇಳಿರಲಿಲ್ಲ. ಈ ವಾರ ಪರಿಚಯದ ಇನ್ನೊಬ್ಬರು ಹೆಚ್ಚೂಕಡಿಮೆ ಇದೇ ಮಾತಾಡಿ, ಹಕ್ಕಿಯನ್ನು ಯಾರಿಗಾದರೂ ಕೊಟ್ಟುಬಿಡುತ್ತೇವೆ ಅಂದಾಗ ಬರೆಯಲೇಬೇಕು ಅನ್ನಿಸಿತು. ಪತ್ರಿಕೆಯಲ್ಲಿ ನಾಯಿ, ಬೆಕ್ಕಿನ ಬಗ್ಗೆ ಎಷ್ಟೋ ಓದಿದ್ದೇನೆ. ಈ ಹಕ್ಕಿಯ ಬಗ್ಗೆ ಓದಿದ್ದು ಕಡಿಮೆ. ಪತ್ರ ಉದ್ದ ಆಗುತ್ತದೆ, ದಯವಿಟ್ಟು ಜಾಗ ಕೊಡಿ.

ಮೊದಲು ಇದು ಎಂಥ ಹಕ್ಕಿ ಅಂತ ಹೇಳಿಬಿಡುತ್ತೇನೆ, ಅರ್ಧ ಉತ್ತರ ಅಲ್ಲೇ ಇದೆ. ಇದರ ಮೂಲ ಆಸ್ಟ್ರೇಲಿಯಾ. ಅಲ್ಲಿನ ಒಣ ಬಯಲಿನಲ್ಲಿ ಗುಂಪು ಕಟ್ಟಿಕೊಂಡು, ನೀರು ಮತ್ತು ಹುಲ್ಲಿನ ಬೀಜ ಎಲ್ಲಿ ಸಿಗುತ್ತದೋ ಅಲ್ಲಿಗೆ ಅಲೆಯುತ್ತಾ ಇರುತ್ತದೆ. 1792ರಲ್ಲಿ ಸ್ಕಾಟ್ಲೆಂಡಿನ ಲೇಖಕ ರಾಬರ್ಟ್ ಕೆರ್ ಇದಕ್ಕೆ ವೈಜ್ಞಾನಿಕ ಹೆಸರಿಟ್ಟಾಗ ಗಿಣಿಗಳ ಜೊತೆ ಸೇರಿಸಿದ್ದರು. ಇದು ಮಾಮೂಲಿ ಗಿಣಿಯೋ, ಕಾಕಟೂ (ಗಿಣಿಗಳ ಹತ್ತಿರದ ನೆಂಟರು, ತಲೆ ಮೇಲೆ ಜುಟ್ಟಿರುವ ಹಕ್ಕಿಗಳು) ಜಾತಿಯದೋ ಅಂತ ತುಂಬಾ ಕಾಲ ಚರ್ಚೆ ನಡೆದು, ಕೊನೆಗೆ ಡಿಎನ್‌ಎ ನೋಡಿದ ಮೇಲೆ ಕಾಕಟೂ ಅಂತಲೇ ತೀರ್ಮಾನ ಆಯಿತು. ಕಾಕಟೂಗಳಲ್ಲೆಲ್ಲ ಇದೇ ಚಿಕ್ಕದು. ಕೊಕ್ಕಿನಿಂದ ಬಾಲದ ತುದಿವರೆಗೆ ಸುಮಾರು 30 ಸೆಂಟಿಮೀಟರ್, ಅದರಲ್ಲಿ ಅರ್ಧ ಬಾಲವೇ. ತೂಕ 80ರಿಂದ 100 ಗ್ರಾಂ ಆಸುಪಾಸು. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತದೆ. ಅಂದರೆ ಎಲ್‌ಕೆಜಿ ಮಗುವಿಗೆ ಅಂತ ತಂದ ಹಕ್ಕಿ ಆ ಮಗು ಕಾಲೇಜು ಮುಗಿಸುವಾಗಲೂ ಮನೆಯಲ್ಲೇ ಇರುತ್ತದೆ. ಇದನ್ನು ಯಾರೂ ತರುವ ಮೊದಲು ಯೋಚಿಸುವುದಿಲ್ಲ.

ಬಿಳಿ ಪುಡಿಗೂ ಕಾರಣ ಇಲ್ಲೇ ಇದೆ. ಕಾಕಟೂಗಳಿಗೆ ಮೈಗೆ ಅಂಟಿಕೊಂಡು ಬೆಳೆಯುವ ವಿಶೇಷ ಪುಕ್ಕಗಳಿರುತ್ತವೆ. ಅವುಗಳ ತುದಿ ಸವೆದು ಹಿಟ್ಟಿನಂಥ ನುಣ್ಣನೆ ಪುಡಿ ಆಗುತ್ತದೆ. ಹಕ್ಕಿ ಕೊಕ್ಕಿನಿಂದ ಅದನ್ನು ಮೈಯೆಲ್ಲ ಹರಡಿಕೊಂಡು ಗರಿಗಳನ್ನು ಚೊಕ್ಕಟವಾಗಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಪುಡಿ ಬಿದ್ದರೆ ಹಕ್ಕಿಗೆ ಕಾಯಿಲೆ ಅಂತ ಹೆದರಬೇಡಿ. ಆದರೆ ಮನೆಯಲ್ಲಿ ಯಾರಿಗಾದರೂ ಆಸ್ತಮಾ, ಅಲರ್ಜಿ ಇದ್ದರೆ ಈ ಪುಡಿ ನಿಜವಾಗಿಯೂ ತೊಂದರೆ ಕೊಡುತ್ತದೆ. ಅಂಥವರು ತರುವ ಮೊದಲೇ ಬೇರೆಯವರ ಮನೆಯ ಕಾಕಟೀಲ್ ಹತ್ತಿರ ಒಂದೆರಡು ಗಂಟೆ ಕೂತು ನೋಡುವುದು ಒಳ್ಳೆಯದು. ವಾರಕ್ಕೆ ಎರಡು ಮೂರು ಸಲ ತಟ್ಟೆಯಲ್ಲಿ ನೀರಿಟ್ಟು ಸ್ನಾನಕ್ಕೆ ಬಿಟ್ಟರೆ, ಇಲ್ಲವೇ ಸ್ಪ್ರೇ ಬಾಟಲಿಯಿಂದ ಮಳೆ ಹನಿಯ ಹಾಗೆ ಚಿಮುಕಿಸಿದರೆ ಪುಡಿ ಕಡಿಮೆ ಆಗುತ್ತದೆ. ನಮ್ಮ ಮುತ್ತು ಸ್ಪ್ರೇ ಬಾಟಲಿ ನೋಡಿದರೆ ಸಾಕು, ಎರಡೂ ರೆಕ್ಕೆ ಬಿಚ್ಚಿ ತಲೆ ಕೆಳಗಾಗಿ ಜೋತು ಬೀಳುತ್ತಾನೆ. ಪುಟ್ಟಿಗೆ ತಟ್ಟೆಯೇ ಆಗಬೇಕು.

ಇನ್ನು ಜುಟ್ಟು. ಈ ಹಕ್ಕಿಯ ಮನಸ್ಸು ಪೂರ್ತಿ ಜುಟ್ಟಿನಲ್ಲಿದೆ. ನೆಟ್ಟಗೆ ನಿಂತಿದ್ದರೆ ಏನೋ ಕಣ್ಣಿಗೆ ಬಿದ್ದಿದೆ, ಇಲ್ಲಾ ಹೆದರಿದೆ. ಸ್ವಲ್ಪ ಹಿಂದಕ್ಕೆ ವಾಲಿ, ತುದಿ ಮಾತ್ರ ಮೇಲಕ್ಕೆ ಬಾಗಿದ್ದರೆ ಆರಾಮಾಗಿದೆ. ತಲೆಗೆ ಅಂಟಿಸಿದ ಹಾಗೆ ಪೂರ್ತಿ ಮಲಗಿದ್ದು ಬಾಯಿಯೂ ತೆರೆದಿದ್ದರೆ ಕೈ ಹಿಂದಕ್ಕೆ ತೆಗೆಯಿರಿ. ಮುಂದಿನದು ಕಚ್ಚುವುದೇ. ಒಂಬತ್ತು ವರ್ಷದಲ್ಲಿ ಮುತ್ತು ನನಗೆ ಕಚ್ಚಿದ್ದು ನಾಲ್ಕೋ ಐದೋ ಸಲ, ಪ್ರತಿ ಸಲವೂ ಜುಟ್ಟು ಮಲಗಿಸಿ ಹೇಳಿಯೇ ಕಚ್ಚಿದ್ದಾನೆ.

ಹೊಸದು ಏನೇ ಬರಲಿ, ಜುಟ್ಟು ನೆಟ್ಟಗೆ. ನಾನು ಕನ್ನಡಕ ಬದಲಿಸಿದ ದಿನ ಮುತ್ತು ಒಂದು ಗಂಟೆ ಹತ್ತಿರ ಬರಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಬಂದರೆ ಇವತ್ತಿಗೂ ನಾನು ಯಾರೋ ಅನ್ನುವ ಹಾಗೆ ಕುತ್ತಿಗೆ ಉದ್ದ ಮಾಡಿ, ಮೈ ಸಣ್ಣ ಮಾಡಿ, ಕಡ್ಡಿಯ ಹಾಗೆ ನಿಂತುಬಿಡುತ್ತಾನೆ. ಒಂದು ಸಲ ಪಕ್ಕದ ಗೋಡೆಗೆ ಹೊಸ ಕ್ಯಾಲೆಂಡರ್ ಹಾಕಿದ್ದಕ್ಕೆ ಎರಡು ದಿನ ಪಂಜರದ ಇನ್ನೊಂದು ತುದಿಯಲ್ಲೇ ಇದ್ದ. ನೆಲದಲ್ಲಿ ಕಾಳು ಹೆಕ್ಕುವ ಹಕ್ಕಿಗೆ ಮೇಲಿನಿಂದ ಯಾವ ಹದ್ದು ಎರಗುತ್ತದೋ ಅನ್ನುವ ಭಯ ರಕ್ತದಲ್ಲೇ ಇದೆ. ಮನೆಯಲ್ಲಿ ಹದ್ದು ಇಲ್ಲ ಅಂತ ನಮಗೆ ಗೊತ್ತು, ಅದಕ್ಕೆ ಹೇಗೆ ಗೊತ್ತಾಗಬೇಕು? ಹೊಸ ಆಟಿಕೆ ತಂದರೆ ನಾನು ನೇರವಾಗಿ ಒಳಗೆ ಹಾಕುವುದಿಲ್ಲ. ಮೂರು ನಾಲ್ಕು ದಿನ ಸ್ವಲ್ಪ ದೂರದಲ್ಲಿ, ಕಾಣುವ ಹಾಗೆ ಇಟ್ಟಿರುತ್ತೇನೆ. ಆಮೇಲೆ ದಿನಕ್ಕೆ ಇಷ್ಟಿಷ್ಟೇ ಹತ್ತಿರ.

ಬುಸುಗುಡುವುದೂ ಹೀಗೆಯೇ. ಕಾಡಿನಲ್ಲಿ ಇವು ಗೂಡು ಮಾಡುವುದು ಮರದ ಪೊಟರೆಯಲ್ಲಿ. ಕಣ್ಣು ಬಿಡದ ಮರಿ ಕೂಡ ಯಾರಾದರೂ ಪೊಟರೆಗೆ ಬಂದರೆ ಬುಸ್ ಅಂದು ಮೈ ಆಚೀಚೆ ತೂಗುತ್ತದೆ. ಕತ್ತಲಲ್ಲಿ ಆ ಸದ್ದು ಕೇಳಿದವರಿಗೆ ಎದೆ ಝಲ್ ಅನ್ನಲೇಬೇಕು. 90 ಗ್ರಾಂ ತೂಗುವ ಹಕ್ಕಿಗೆ ತನ್ನನ್ನು ಕಾಪಾಡಿಕೊಳ್ಳಲು ಇರುವುದೇ ಅಷ್ಟು. ಮೊಬೈಲ್‌ನಲ್ಲಿ ಹರಿದಾಡುವ ವಿಡಿಯೊಗಳಲ್ಲಿ ಜನ ಬೇಕಂತಲೇ ಬೆರಳು ತೋರಿಸಿ, ಅದು ಬುಸ್ ಅಂದಾಗ ನಗುತ್ತಾರೆ. "ಎಷ್ಟು ಕೋಪ ನೋಡಿ ಇದಕ್ಕೆ" ಅಂತ ಕೆಳಗೆ ಬರೆಯುತ್ತಾರೆ. ನನಗೆ ಆ ವಿಡಿಯೊಗಳನ್ನು ನೋಡಲು ಆಗುವುದಿಲ್ಲ. ಜುಟ್ಟು ಮಲಗಿದೆ, ಮೈ ತೂಗುತ್ತಿದೆ, ಹಿಂದೆ ಸರಿಯಲು ಪಂಜರದಲ್ಲಿ ಜಾಗ ಇಲ್ಲ. ಅದು ಹೆದರಿ ಬೇಡ ಅನ್ನುತ್ತಿದೆ. ಬೇಡ ಅಂದಾಗ ನಾವು ಬಿಟ್ಟರೆ ಅದಕ್ಕೆ ನಮ್ಮ ಮೇಲೆ ನಂಬಿಕೆ ಬರುತ್ತದೆ. ಬಿಡದೇ ಇದ್ದರೆ ಮುಂದಿನ ಸಲ ಬುಸ್ ಅನ್ನುವುದನ್ನೂ ಬಿಟ್ಟು ನೇರ ಕಚ್ಚುವುದನ್ನೇ ಕಲಿಯುತ್ತದೆ.

ಈಗ ರಾತ್ರಿಯ ವಿಷಯ. ನಾದಿನಿಗೆ ಜಾಸ್ತಿ ಹೆದರಿಕೆ ಆಗಿದ್ದು ಇದರಿಂದಲೇ.

ಕರಕರ ಸದ್ದು ತುಂಬಾ ಒಳ್ಳೆಯ ಸುದ್ದಿ. ಹಕ್ಕಿ ಮೈ ಉಬ್ಬಿಸಿ, ಒಂದು ಕಾಲು ಪುಕ್ಕದೊಳಗೆ ಎಳೆದುಕೊಂಡು, ಕಣ್ಣು ಅರ್ಧ ಮುಚ್ಚಿ, ಮೇಲಿನ ಕೊಕ್ಕಿಗೆ ಕೆಳಗಿನದನ್ನು ಉಜ್ಜುತ್ತದೆ. ಹೊಟ್ಟೆ ತುಂಬಿದೆ, ಭಯ ಇಲ್ಲ, ನಿದ್ದೆ ಬರುತ್ತಿದೆ ಅಂತ ಅರ್ಥ. ಮುತ್ತು ನನ್ನ ಹೆಗಲ ಮೇಲೆ ಕೂತು ಕಿವಿ ಪಕ್ಕದಲ್ಲೇ ಇದನ್ನು ಮಾಡುತ್ತಾನೆ. ಅದಕ್ಕಿಂತ ಸಮಾಧಾನದ ಸದ್ದು ನನಗೆ ಗೊತ್ತಿಲ್ಲ.

ನಡುರಾತ್ರಿ ಬಡಿದುಕೊಳ್ಳುವುದು ಮಾತ್ರ ಬೇರೆ. ಇದು ಕಾಕಟೀಲ್‌ಗಳಲ್ಲಿ ಬೇರೆ ಸಾಕುಹಕ್ಕಿಗಳಿಗಿಂತ ಜಾಸ್ತಿ, ಅದರಲ್ಲೂ ಪುಟ್ಟಿಯಂಥ ಹಳದಿ ಬಣ್ಣದ ಲುಟಿನೋಗಳಲ್ಲಿ ಇನ್ನೂ ಜಾಸ್ತಿ ಅಂತ ಸಾಕಿದವರು ಹೇಳುತ್ತಾರೆ. ಪುಟ್ಟಿ ನಮ್ಮ ಮನೆಗೆ ಬಂದ ನಾಲ್ಕನೇ ರಾತ್ರಿ ಎರಡೂವರೆ ಹೊತ್ತಿಗೆ ತಗಡಿನ ಡಬ್ಬಿ ಉರುಳಿದ ಹಾಗೆ ಸದ್ದಾಯಿತು. ಎದ್ದು ಓಡಿದೆ. ಪಂಜರದ ಕಂಬಿಗೆ ಬಡಿದು, ಕೆಳಗೆ ಬಿದ್ದು, ಮತ್ತೆ ಹಾರಿ ಬಡಿಯುತ್ತಿದ್ದಾಳೆ. ಕತ್ತಲಲ್ಲಿ ಹಕ್ಕಿಗೆ ಏನೂ ಕಾಣುವುದಿಲ್ಲ. ಹೊರಗೆ ಒಂದು ಗಾಡಿಯ ಬೆಳಕು ಗೋಡೆ ಮೇಲೆ ಹರಿದರೂ ಸಾಕು, ಒಂದು ಹಲ್ಲಿ ಸರಿದರೂ ಸಾಕು. ಬಯಲಿನಲ್ಲಾದರೆ ಗುಂಪಿಗೆ ಗುಂಪೇ ಒಂದೇ ಏಟಿಗೆ ಹಾರಿಬಿಡುತ್ತದೆ, ಜೀವ ಉಳಿಯುತ್ತದೆ. ಪಂಜರದಲ್ಲಿ ಹಾರಲು ಜಾಗ ಎಲ್ಲಿದೆ? ಅವತ್ತು ನಾನು ದೀಪ ಹಾಕಿ, ಕೈ ಒಳಗೆ ಹಾಕದೆ, ಮೆಲ್ಲಗೆ ಅವಳ ಹೆಸರು ಹೇಳುತ್ತಾ ನಿಂತೆ. ಎರಡು ಮೂರು ನಿಮಿಷಕ್ಕೆ ಕಡ್ಡಿ ಹತ್ತಿ ಕೂತಳು. ಬಾಯಿ ತೆರೆದು ಏದುಸಿರು ಬಿಡುತ್ತಿದ್ದಳು. ರೆಕ್ಕೆಯ ಒಂದು ಹೊಸ ಗರಿ ಮುರಿದು ರಕ್ತ ಬಂದಿತ್ತು. ಹೊಸದಾಗಿ ಮೊಳೆಯುವ ಗರಿಯೊಳಗೆ ರಕ್ತ ಓಡಾಡುತ್ತಿರುತ್ತದೆ, ಮುರಿದರೆ ಚೆನ್ನಾಗಿಯೇ ಸುರಿಯುತ್ತದೆ. ಕಾರ್ನ್‌ಫ್ಲೋರ್ ಒತ್ತಿ ಹಿಡಿದೆ, ನಿಂತಿತು. ಹಾಗೆ ನಿಲ್ಲದೇ ಹೋದರೆ ತಡ ಮಾಡದೆ ಪಶುವೈದ್ಯರ ಹತ್ತಿರ ಓಡಬೇಕು, ಇಷ್ಟು ಚಿಕ್ಕ ಮೈಯಲ್ಲಿ ರಕ್ತ ಇರುವುದೇ ಸ್ವಲ್ಪ.

ಮಾರನೇ ದಿನದಿಂದ ಒಂದು ಚಿಕ್ಕ ರಾತ್ರಿ ದೀಪ ಹಾಕಿಡುತ್ತಿದ್ದೇನೆ. ಪಂಜರವನ್ನು ಕಿಟಕಿಯಿಂದ ಒಳಗಿನ ಗೋಡೆಗೆ ಸರಿಸಿದೆ. ತೂಗಾಡುವ ಆಟಿಕೆಗಳನ್ನು ರಾತ್ರಿ ಹೊತ್ತು ತೆಗೆದಿಡುತ್ತೇನೆ, ಗಾಬರಿಯಲ್ಲಿ ರೆಕ್ಕೆ ಅದಕ್ಕೆ ಸಿಕ್ಕಿಕೊಳ್ಳಬಾರದಲ್ಲ. ಆಮೇಲೆ ಎರಡು ಸಲ ಆಗಿದೆ, ಮೊದಲಿನಷ್ಟು ಜೋರಿಲ್ಲ. ನಾದಿನಿಯ ಮನೆಯಲ್ಲಿ ಪಾಪ, ಹಕ್ಕಿಗೆ ಚೆನ್ನಾಗಿ ನಿದ್ದೆ ಬರಲಿ ಅಂತಲೇ ಪಂಜರದ ಮೇಲೆ ದಪ್ಪ ಕಂಬಳಿ ಹೊದಿಸಿ ಪೂರ್ತಿ ಕತ್ತಲು ಮಾಡುತ್ತಿದ್ದರು.

ಇಷ್ಟೆಲ್ಲ ಭಯದ ಮಾತಾಯಿತು, ಮುತ್ತುವಿನ ಕಥೆ ಸ್ವಲ್ಪ ಹೇಳುತ್ತೇನೆ. ಅವನನ್ನು ತಂದಾಗ ಬೆನ್ನ ಮೇಲೆಲ್ಲ ಮುತ್ತು ಪೋಣಿಸಿದ ಹಾಗೆ ಚುಕ್ಕೆ ಇತ್ತು, ಹೆಸರು ಬಂದದ್ದೇ ಅದರಿಂದ. ಹೆಣ್ಣು ಅಂದುಕೊಂಡಿದ್ದೆವು. ಎಂಟು ಒಂಬತ್ತು ತಿಂಗಳಾಗುವಾಗ ಗರಿ ಉದುರಿ ಹೊಸದು ಬಂತು ನೋಡಿ, ಚುಕ್ಕೆಗಳೆಲ್ಲ ಮಾಯ! ಏನೋ ರೋಗ ಬಂತು ಅಂತ ಗಾಬರಿಯಾಗಿ ಡಾಕ್ಟರ ಹತ್ತಿರ ಹೋದರೆ, ಈ ಬಣ್ಣದ ಗಂಡುಗಳಿಗೆ ಮೊದಲ ಸಲ ಗರಿ ಬದಲಾದಾಗ ಮುತ್ತು ಹೋಗುತ್ತದೆ, ಹೆಣ್ಣಿಗೆ ಮಾತ್ರ ಉಳಿಯುತ್ತದೆ ಅಂದರು. ಅದೇ ತಿಂಗಳು ಸಿಳ್ಳೆ ಶುರು ಆಯಿತು.

ಗಂಡು ಕಾಕಟೀಲ್ ಮಾತಾಡುವುದಕ್ಕಿಂತ ಸಿಳ್ಳೆ ಹಾಕುವುದರಲ್ಲಿ ಜಾಣ. ಒಂದೆರಡು ಪದ ಬರಬಹುದು, ಆದರೆ ಗಿಣಿ ಹಾಗೆ ಮಾತು ಕಲಿಸುತ್ತೇವೆ ಅಂತ ಹಠ ಹಿಡಿದರೆ ಇಬ್ಬರಿಗೂ ಬೇಜಾರು. ಮುತ್ತುವಿಗೆ ನನ್ನ ಫೋನಿನ ರಿಂಗ್‌ಟೋನ್ ಬರುತ್ತದೆ, ಗೇಟಿನ ಕಿರ್ ಸದ್ದು ಬರುತ್ತದೆ, ನಾನು ಕಲಿಸಿದ ಒಂದು ಹಾಡಿನ ಮೊದಲ ಸಾಲು ಬರುತ್ತದೆ, ಎರಡನೇ ಸಾಲಿಗೆ ತನ್ನದೇ ರಾಗ ಕಟ್ಟಿಕೊಂಡಿದ್ದಾನೆ. ನಾನು ಹಾಡು ಶುರು ಮಾಡಿದರೆ ಸರಿಯಾಗಿ ನನ್ನ ಜೊತೆಗೇ ಸೇರಿಕೊಳ್ಳುತ್ತಾನೆ. ಸುಮ್ನೆ ನನ್ನ ಭ್ರಮೆ ಅಂದುಕೊಂಡಿದ್ದೆ. ಆಮೇಲೆ ಓದಿದೆ, ಜಪಾನಿನಲ್ಲಿ ಕೈಯಲ್ಲಿ ಸಾಕಿದ ಮೂರು ಕಾಕಟೀಲ್‌ಗಳು ಮನುಷ್ಯರ ಹಾಡಿನ ರಾಗವನ್ನು ಕಲಿತು, ಆ ರಾಗ ನುಡಿಸುತ್ತಿರುವಾಗಲೇ ಅದಕ್ಕೆ ಸರಿಯಾಗಿ ದನಿಗೂಡಿಸಿದ್ದವು ಅಂತ. 2021ರಲ್ಲಿ ಪ್ರಕಟವಾದ ಸಂಶೋಧನೆ ಅದು. ಓದಿದ ದಿನ ಎಷ್ಟು ಖುಷಿ ಆಯಿತು ಅಂದರೆ ಮನೆಯವರಿಗೆಲ್ಲ ಎರಡೆರಡು ಸಲ ಹೇಳಿದೆ.

ಒಲಿಸುವ ಹುಮ್ಮಸ್ಸು ಬಂದಾಗ ಗಂಡು ರೆಕ್ಕೆಗಳನ್ನು ಮೈಯಿಂದ ಸ್ವಲ್ಪ ಹೊರಕ್ಕೆ ಎತ್ತಿ ಹಿಡಿದು ಎದೆ ಮುಂದೆ ಮಾಡಿ ಓಡಾಡುತ್ತದೆ, ಹಿಂದಿನಿಂದ ನೋಡಿದರೆ ಥೇಟ್ ಹೃದಯದ ಚಿತ್ರ. ಕೊಕ್ಕಿನಿಂದ ಮೇಜಿಗೆ ಟಕಟಕ ಬಡಿಯುತ್ತದೆ. ಮುತ್ತು ಹೀಗೆ ಒಲಿಸಿದ್ದು ಯಾರನ್ನೆಲ್ಲ ಅಂತ ಕೇಳಿ: ನನ್ನ ಕಾಲಿನ ಹೆಬ್ಬೆರಳು, ಸ್ಟೀಲ್ ಲೋಟ, ಆಫ್ ಆಗಿರುವ ಫೋನಿನ ಕಪ್ಪು ಪರದೆ. ಖಾಲಿ ಕಪ್ ಸಿಕ್ಕರೆ ತಲೆ ಪೂರ್ತಿ ಒಳಗೆ ತೂರಿಸಿ ಹಾಡುತ್ತಾನೆ, ದನಿ ಗುಂಯ್ ಅಂತ ವಾಪಸ್ ಬರುತ್ತದಲ್ಲ, ಅದಕ್ಕೆ. ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿಗೆ ಕತ್ತಲ ತೂತು ಕಂಡರೆ ಒಳಗೆ ಇಣುಕುವ ಆಸೆ ಇದ್ದೇ ಇರುತ್ತದೆ. ಕನ್ನಡಿ ಮಾತ್ರ ನಾನು ತೆಗೆದುಬಿಟ್ಟೆ. ಅದರೊಳಗಿನ ಹಕ್ಕಿಗೆ ದಿನವಿಡೀ ಗುಟುಕು ಕೊಡಲು ಹೋಗುತ್ತಿದ್ದ, ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ, ತಾನೂ ಸರಿಯಾಗಿ ತಿನ್ನುತ್ತಿರಲಿಲ್ಲ.

ಜೋರಾಗಿ ಕೂಗುತ್ತದೆ ಅನ್ನುವ ದೂರು ಎಲ್ಲರದ್ದೂ. ಬೆಳಿಗ್ಗೆ ಮತ್ತು ಸಂಜೆ ಒಂದು ಸುತ್ತು ಗಲಾಟೆ ಇದ್ದೇ ಇರುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ನಾವು ಕೋಣೆಯಿಂದ ಹೊರಗೆ ಹೋದ ಕೂಡಲೇ ಶುರುವಾಗುವ ಕೂಗು ಇದೆಯಲ್ಲ, ಅದು "ಎಲ್ಲಿದ್ದೀಯಾ?" ಅನ್ನುವ ಪ್ರಶ್ನೆ. ಗುಂಪಿನ ಹಕ್ಕಿಗಳು ಒಂದಕ್ಕೊಂದು ಕಾಣದೇ ಇದ್ದಾಗ ಹೀಗೆ ಕೂಗಿ ಕೇಳುತ್ತವೆ, ಇನ್ನೊಂದು ಕೂಗಿ ಇಲ್ಲೇ ಇದ್ದೇನೆ ಅನ್ನುತ್ತದೆ. ನಾವು ಉತ್ತರ ಕೊಡದೇ ಇದ್ದರೆ ಇನ್ನೂ ಜೋರು. "ಸುಮ್ನಿರು" ಅಂತ ಗದರಿದರೆ, ಓ, ಉತ್ತರ ಬಂತು ಅಂದುಕೊಂಡು ಮತ್ತೆ ಕೇಳುತ್ತದೆ. ನಾನು ಸ್ನಾನಕ್ಕೆ ಹೋದಾಗ ಒಳಗಿಂದಲೇ ಎರಡು ಸ್ವರದ ಸಣ್ಣ ಸಿಳ್ಳೆ ಹಾಕುತ್ತೇನೆ. ಮುತ್ತು ಅದೇ ಎರಡು ಸ್ವರ ವಾಪಸ್ ಹಾಕಿ ಸುಮ್ಮನಾಗುತ್ತಾನೆ. ಪಂಜರದ ಮೇಲೆ ಬಟ್ಟೆ ಹಾಕಿ ಬಾಯಿ ಮುಚ್ಚಿಸುವವರು ದಯವಿಟ್ಟು ಇದನ್ನು ಒಂದು ವಾರ ಮಾಡಿ ನೋಡಿ.

ಹಾರಲು ರೆಕ್ಕೆ ಇದ್ದೂ ನೆಲದ ಮೇಲೆ ನಡೆದಾಡುವುದು ಕಾಕಟೀಲ್‌ಗೆ ತುಂಬಾ ಇಷ್ಟ, ಕಾಡಿನಲ್ಲೂ ಅದು ನೆಲದಲ್ಲೇ ತಿನ್ನುವುದು. ನಮ್ಮ ಮನೆಯಲ್ಲಿ ಹಕ್ಕಿ ಹೊರಗಿದ್ದರೆ ಎಲ್ಲರೂ ಕಾಲು ಎಳೆದುಕೊಂಡು ನಡೆಯುತ್ತೇವೆ. ಕಾಲಡಿಗೆ ಸಿಕ್ಕಿ ಸಾಯುವ ಹಕ್ಕಿಗಳ ಕಥೆ ಕೇಳಿದ್ದೇನೆ, ಬರೆಯಲು ಮನಸ್ಸಾಗುವುದಿಲ್ಲ. ಕಾಗದ ಸಿಕ್ಕರೆ ಕೊಕ್ಕಿಗೆ ಕೆಲಸ. ಬೆಳಿಗ್ಗೆ ನಾನು ನಿಮ್ಮ ಪತ್ರಿಕೆ ಓದುವಾಗ ಮುತ್ತು ಅಂಚಿನ ಮೇಲೆ ಕೂತು, ಈ ತುದಿಯಿಂದ ಆ ತುದಿವರೆಗೆ ಕಚ್ಚಿ ಕಚ್ಚಿ, ಅಂಚೆ ಚೀಟಿಯ ಅಂಚಿನ ಹಾಗೆ ಮಾಡುತ್ತಾ ಹೋಗುತ್ತಾನೆ. ನಾನು ಪುಟ ತಿರುಗಿಸುವವರೆಗೂ ಒಂದೇ ಪುಟದಲ್ಲಿ ಇರುತ್ತಾನೆ.

ಇನ್ನೊಂದು ವಿಷಯ, ನಾವು ತಿನ್ನಲು ಕೂತರೆ ಅವೂ ಹೋಗಿ ತಿನ್ನುತ್ತವೆ. ಗುಂಪಿನಲ್ಲಿ ಎಲ್ಲರೂ ಒಟ್ಟಿಗೇ ತಿನ್ನುವ ಅಭ್ಯಾಸ. ಇದನ್ನೇ ಹಿಡಿದು ನಾನು ಪುಟ್ಟಿಗೆ ತರಕಾರಿ ಕಲಿಸಿದೆ. ಮೂರು ವರ್ಷ ಬರೀ ಕಾಳು ತಿಂದವಳು ಕ್ಯಾರೆಟ್ ಕಂಡರೆ ಓಡುತ್ತಿದ್ದಳು. ಬರೀ ಕಾಳಿನಲ್ಲಿ ಕೊಬ್ಬು ಜಾಸ್ತಿ, ಎ ವಿಟಮಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಾನು ಅವಳ ಮುಂದೆ ಕೂತು ಕ್ಯಾರೆಟ್ ತುರಿ ತಿನ್ನುತ್ತಿದ್ದೆ, ಮುತ್ತುವೂ ತಿನ್ನುತ್ತಿದ್ದ. ಹತ್ತೊಂಬತ್ತನೇ ದಿನ ಒಂದು ಎಳೆ ಎತ್ತಿಕೊಂಡು ಬಿಸಾಡಿದಳು. ಮೂವತ್ತನೇ ದಿನಕ್ಕೆ ತಿಂದಳು. ನವಣೆ ತೆನೆ ಮಾತ್ರ ಈಗಲೂ ಬಹುಮಾನಕ್ಕೆ ಅಷ್ಟೇ.

ಬೋಳಿನ ಬಗ್ಗೆ ಒಂದೇ ಮಾತು. ಲುಟಿನೋಗಳಲ್ಲಿ ಜುಟ್ಟಿನ ಹಿಂದೆ ಬೋಳು ಹುಟ್ಟಿನಿಂದಲೇ ಬರುವಂಥದ್ದು. ಹತ್ತಿರದ ರಕ್ತಸಂಬಂಧದಲ್ಲೇ ಜೋಡಿ ಮಾಡಿಸುತ್ತಾ ಬಂದದ್ದರ ಫಲ. ಅದಕ್ಕೆ ಎಣ್ಣೆ ಹಚ್ಚಬೇಡಿ. ಎಣ್ಣೆ ತಾಗಿದ ಗರಿ ಒಂದಕ್ಕೊಂದು ಅಂಟಿ ಮೈ ಬೆಚ್ಚಗಿಡುವುದಿಲ್ಲ.

ಮೊಟ್ಟೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೆಣ್ಣು ಕಾಕಟೀಲ್‌ಗೆ ಮೊಟ್ಟೆ ಇಡಲು ಗಂಡು ಬೇಕಿಲ್ಲ, ಕೋಳಿಯ ಹಾಗೆಯೇ. ಆ ಮೊಟ್ಟೆಯಿಂದ ಮರಿ ಬರುವುದಿಲ್ಲ ಅಷ್ಟೇ. ನಾದಿನಿ ಮೊಟ್ಟೆ ಕಂಡ ಕೂಡಲೇ ತೆಗೆದು ಎಸೆಯುತ್ತಿದ್ದಳಂತೆ. ಎಸೆದಷ್ಟೂ ಹಕ್ಕಿ ಲೆಕ್ಕ ತುಂಬಿಸಲು ಇನ್ನೊಂದು ಇಡುತ್ತದೆ. ಒಂದು ಸಲಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಏಳು ಮೊಟ್ಟೆ, ಒಂದು ದಿನ ಬಿಟ್ಟು ಒಂದು ದಿನ. ಪ್ರತಿ ಮೊಟ್ಟೆಯ ಚಿಪ್ಪಿಗೂ ಸುಣ್ಣದಂಶದ ಒಂದು ಭಾಗ ಬರುವುದು ಅವಳ ಮೂಳೆಯಿಂದ. ಹೀಗೇ ಮುಂದುವರಿದರೆ ಮೂಳೆ ಟೊಳ್ಳಾಗುತ್ತದೆ, ಮೊಟ್ಟೆ ಒಳಗೇ ಸಿಕ್ಕಿಕೊಂಡು ಜೀವಕ್ಕೇ ಕುತ್ತು ಬರಬಹುದು. ಹಾಗಾಗಿ ಮೊಟ್ಟೆ ಬಿಟ್ಟುಬಿಡಿ, ಕಾವು ಕೂರಲಿ. ಮರಿ ಬರುವ ಮೊಟ್ಟೆಗೆ ಕಾವು ಬೇಕಾಗುವುದು ಸುಮಾರು ಮೂರು ವಾರ, ಜೋಡಿ ಇದ್ದರೆ ಹಗಲು ಹೆಚ್ಚಾಗಿ ಗಂಡು, ರಾತ್ರಿ ಹೆಣ್ಣು ಪಾಳಿ ಹಾಕಿಕೊಂಡು ಕೂರುತ್ತವೆ. ಮೂರು ವಾರ ಆದ ಮೇಲೆ ಅದೇ ಬೇಸರ ಬಂದು ಎದ್ದು ಹೋಗುತ್ತದೆ, ಆಗ ತೆಗೆಯಿರಿ. ಪುಟ್ಟಿಗೆ ಕಟ್ಲ್‌ಬೋನ್ (ಸುಣ್ಣದಂಶಕ್ಕೆ ಅಂತ ಹಕ್ಕಿ ಕೆರೆದು ತಿನ್ನುವ, ಕಡಲ ಜೀವಿಯೊಂದರ ಒಳಚಿಪ್ಪು) ಹಾಕಿದ್ದೇನೆ, ದಿನಕ್ಕೆ ಹನ್ನೆರಡು ಗಂಟೆ ನಿದ್ದೆ ಕಡ್ಡಾಯ ಮಾಡಿದ್ದೇನೆ, ಯಾಕಂದರೆ ಹಗಲು ಉದ್ದ ಆದಷ್ಟೂ ಮೈ ಗೂಡಿನ ಕಾಲ ಅಂದುಕೊಳ್ಳುತ್ತದೆ. ಅವಳು ಇಷ್ಟಪಟ್ಟು ತೂರುತ್ತಿದ್ದ ರಟ್ಟಿನ ಪೆಟ್ಟಿಗೆ ತೆಗೆದೆ. ಬೆನ್ನು, ಬಾಲದ ಹತ್ತಿರ ಯಾರೂ ಸವರುವ ಹಾಗಿಲ್ಲ. ಬೆನ್ನು ಸವರಿದರೆ ಹಕ್ಕಿ ಅದನ್ನು ಜೋಡಿಯ ಕರೆ ಅಂತ ತಿಳಿಯುತ್ತದೆ. ತಲೆ, ಕೆನ್ನೆ ಮಾತ್ರ. ಮೂರು ವರ್ಷದಲ್ಲಿ ಎಷ್ಟು ಮೊಟ್ಟೆ ಇಟ್ಟಿದ್ದಳೋ ಲೆಕ್ಕ ಇಲ್ಲ, ಈ ಆರು ತಿಂಗಳಲ್ಲಿ ಇಟ್ಟದ್ದು ಒಂದೇ ಸಲ.

ಎಲ್ಲವನ್ನೂ "ಅದರ ಸ್ವಭಾವ" ಅಂತ ಬಿಟ್ಟುಬಿಡಲೂ ಆಗುವುದಿಲ್ಲ. ಕಾಕಟೀಲ್ ಕಾಯಿಲೆಯನ್ನು ಕೊನೆವರೆಗೂ ಮುಚ್ಚಿಡುತ್ತದೆ, ದುರ್ಬಲವಾಗಿ ಕಂಡ ಹಕ್ಕಿಯ ಮೇಲೇ ಹದ್ದಿನ ಕಣ್ಣು ಬೀಳುವುದು ಅಲ್ವಾ. ಹಗಲಿಡೀ ಮೈ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದ್ದರೆ, ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ಹಿಕ್ಕೆಯ ಬಣ್ಣ ಬದಲಾದರೆ, ನಾಳೆ ನೋಡೋಣ ಅನ್ನಬೇಡಿ. ಅಡುಗೆಮನೆಯ ನಾನ್‌ಸ್ಟಿಕ್ ಪಾತ್ರೆ ಅತಿಯಾಗಿ ಕಾದರೆ ಬರುವ ಹೊಗೆ ನಮಗೆ ಗೊತ್ತೇ ಆಗದೇ ಇರಬಹುದು, ಹಕ್ಕಿ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ. ನಾನು ಆ ಪಾತ್ರೆಗಳನ್ನೇ ಮನೆಯಿಂದ ತೆಗೆದೆ. ಬೆಣ್ಣೆಹಣ್ಣು, ಚಾಕಲೇಟು, ಕಾಫಿ ಅದಕ್ಕೆ ವಿಷ. ತಿರುಗುವ ಸೀಲಿಂಗ್ ಫ್ಯಾನ್ ಇರುವ ಕೋಣೆಯಲ್ಲಿ ಹಕ್ಕಿ ಬಿಡುವುದು ಬೇಡವೇ ಬೇಡ.

ಸಂಪಾದಕರೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಹಕ್ಕಿಗಳ ಚಿಕಿತ್ಸೆ ಬಲ್ಲ ಪಶುವೈದ್ಯರೊಬ್ಬರಿಂದ ರಾತ್ರಿ ಗಾಬರಿ, ಮೊಟ್ಟೆ ಸಮಸ್ಯೆ, ಊಟ ಈ ಮೂರರ ಬಗ್ಗೆ ಬರೆಸಿ. ಈಗಾಗಲೇ ಈ ಹಕ್ಕಿ ಸಾಕಿರುವವರು ನಿಮ್ಮ ಓದುಗರಲ್ಲೇ ಎಷ್ಟೋ ಜನ ಇರುತ್ತಾರೆ.

ಪುಟ್ಟಿಯ ಸುದ್ದಿ ಹೇಳಿ ಮುಗಿಸುತ್ತೇನೆ. ಕಾಕಟೀಲ್ ನಮ್ಮ ಮುಂದೆ ಬಂದು ತಲೆ ತಗ್ಗಿಸಿ ನಿಂತರೆ ತಲೆ ಕೆರೆಯಿರಿ ಅಂತ ಅರ್ಥ. ಹೊಸ ಗರಿಗಳು ಮೇಣದಂಥ ಪೊರೆಯೊಳಗೆ ಮುಳ್ಳಿನ ಹಾಗೆ ಬರುತ್ತವೆ, ತಲೆಯ ಮೇಲಿನದಕ್ಕೆ ಅದರ ಕೊಕ್ಕು ಎಟುಕುವುದಿಲ್ಲ. ಜೋಡಿ ಇದ್ದರೆ ಇನ್ನೊಂದು ಹಕ್ಕಿ ಬಿಡಿಸಿ ಕೊಡುತ್ತದೆ, ಇಲ್ಲದಿದ್ದರೆ ನಮ್ಮ ಬೆರಳು. ಪುಟ್ಟಿ ಆರು ತಿಂಗಳಲ್ಲಿ ಒಂದು ಸಲವೂ ತಲೆ ಕೊಟ್ಟಿರಲಿಲ್ಲ. ಮೊನ್ನೆ ಭಾನುವಾರ ಸಂಜೆ ಸೋಫಾದ ಕೈ ಮೇಲೆ ಮೆಲ್ಲಗೆ ನಡೆದುಕೊಂಡು ಬಂದಳು. ಮೊದಲು ಒಂದು ಸಲ ಬುಸ್ ಅಂದಳು. ನಾನು ಅಲುಗಾಡಲಿಲ್ಲ. ಆಮೇಲೆ ತಲೆ ತಗ್ಗಿಸಿ ಹಾಗೇ ನಿಂತಳು. ಎರಡು ಗರಿಯ ಪೊರೆ ಉಗುರಿನಿಂದ ಬಿಡಿಸಿದೆ, ಬೆರಳೆಲ್ಲ ಬಿಳಿ ಪುಡಿ. ಅವಳು ಕಣ್ಣು ಮುಚ್ಚಿ ಕರಕರ ಅಂತ ಕೊಕ್ಕು ಉಜ್ಜತೊಡಗಿದಳು. ಮಗಳು ವಿಡಿಯೊ ಮಾಡಿ ನಾದಿನಿಗೆ ಕಳಿಸಿದಳು. "ಅಯ್ಯೋ, ಇನ್ನೂ ಹಲ್ಲು ಕಡೀತಿದ್ಯಾ?" ಅಂತ ನಾದಿನಿ ಫೋನ್ ಮಾಡಿ ಕೇಳಿದಳು. ಅದು ಏನು ಅಂತ ಫೋನಿನಲ್ಲೇ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂದಿನ ಭಾನುವಾರ ಪುಟ್ಟಿಯನ್ನು ನೋಡಲು ಬರುತ್ತಾಳಂತೆ. ಬಾ, ಆದರೆ ಅವಳೇ ಹತ್ತಿರ ಬರೋವರೆಗೂ ಕೈ ಚಾಚಬೇಡ ಅಂದಿದ್ದೇನೆ.

ಇಂತಿ,
ನಿಮ್ಮ ಹಳೆಯ ಓದುಗರಲ್ಲಿ ಒಬ್ಬಳು